ಉಳದೆ ಬಿಟ್ಟ ಅಂಚು

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವನು. ಹೆಮ್ಮೆಗಾಗಿ ಈ ಮಾತನ್ನು ಹೇಳುತ್ತಿಲ್ಲ. ಮುಂದೆ ಒಂದು ಲೆಕ್ಕ ಬರುವುದಿದೆ, ಅದಕ್ಕೆ ಇದು ಬೇಕು. ಈ ಸಂಚಿಕೆಗೆ ಬರಹ ಕೂಡಿಸುತ್ತಿರುವ ಗೆಳೆಯ, “ನೀನು ಭೂಗೋಳದವನು, ಏನಾದರೂ ಊರಿನದನ್ನು ಬರೆ” ಎಂದಾಗ ಮಾರಿಹಬ್ಬದ ವಿಷಯ ಬರೆದು ಕೈ ತೊಳೆದುಕೊಳ್ಳೋಣ ಎಂದಿದ್ದೆ. ಕುಳಿತು ನೋಡಿದರೆ ಮನಸ್ಸು ನಮ್ಮ ಹೊಳೆಯ ದಂಡೆಯ ಹನ್ನೆರಡು ಗುಂಟೆ ನೆಲದ ಮೇಲೆಯೇ ಹೋಗಿ ನಿಲ್ಲುತ್ತದೆ. ಆದುದರಿಂದ ಅದನ್ನೇ ಬರೆಯುತ್ತೇನೆ. ಹಬ್ಬ ಮುಂದಿನ ವರ್ಷ ಇನ್ನಾರಾದರೂ ಬರೆಯಲಿ.

ನಮ್ಮ ಹೊಳೆ ಎಂದರೆ ಲಕ್ಷ್ಮಣತೀರ್ಥ. ಕೊಡಗಿನ ದಕ್ಷಿಣಕ್ಕೆ ಬ್ರಹ್ಮಗಿರಿಯ ಸಾಲಿನಲ್ಲಿ ಹುಟ್ಟಿ, ಇರ್ಪುವಿನಲ್ಲಿ ಬಂಡೆಯಿಂದ ಧುಮುಕಿ, ಕಾಫಿತೋಟ ಗದ್ದೆಬಯಲುಗಳನ್ನು ಹಾಯ್ದು, ಹುಣಸೂರು ಸೀಮೆಯ ಹೊಗೆಸೊಪ್ಪಿನ ಹೊಲಗಳ ನಡುವೆ ಬಂದು, ಕೊನೆಗೆ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಬಾಯಾರಿದ ರಾಮನಿಗಾಗಿ ಲಕ್ಷ್ಮಣ ಬಾಣ ಬಿಟ್ಟು ತೆಗೆದ ನೀರು ಇದೆಂದು ಸ್ಥಳಪುರಾಣ. ನಮ್ಮೂರಿನಲ್ಲಿ ಯಾರೂ ಅದನ್ನು ಲಕ್ಷ್ಮಣತೀರ್ಥ ಎಂದು ಕರೆಯುವುದಿಲ್ಲ. “ಹೊಳೆ” ಎಂದರೆ ಸಾಕು, ಬೇರೆ ಹೊಳೆ ಎಲ್ಲಿದೆ?

ನಮ್ಮದು ದಂಡೆಗೆ ಹೊಂದಿದ ಹೊಲ; ಒಂದು ಎಕರೆ ಮೂವತ್ತು ಗುಂಟೆ. ಆ ಹೊಲಕ್ಕೂ ನೀರಿಗೂ ನಡುವೆ ಅರವತ್ತು ಮಾರು ಚಿಲ್ಲರೆ ಉದ್ದ, ಐದಾರು ಮಾರು ಅಗಲದ ಒಂದು ಪಟ್ಟಿ ಇತ್ತು. ಅದರಲ್ಲಿ ಯಾರೂ ನೇಗಿಲು ಇಟ್ಟಿದ್ದಿಲ್ಲ. ನಾಲ್ಕು ಹೊಳೆಮತ್ತಿ, ಲೆಕ್ಕ ತಪ್ಪುವಷ್ಟು ಹೊಂಗೆ, ಎರಡು ನೇರಳೆ, ಒಂದು ಅತ್ತಿ, ಅಡಿಯಲ್ಲಿ ಲಕ್ಕಿಯ ಪೊದೆ, ನೀರಿನಂಚಿಗೆ ಜೊಂಡು. ಹೊಂಗೆಯ ಸೊಪ್ಪು ಗದ್ದೆಗೆ, ಲಕ್ಕಿಯ ಸೊಪ್ಪು ಬಾಣಂತಿಯರ ನೀರಿಗೆ, ಅತ್ತಿಹಣ್ಣು ಹುಡುಗರಿಗೆ ಮತ್ತು ಕೋತಿಗಳಿಗೆ. ಸರ್ವೆಯ ಕಡತದಲ್ಲಿ ಆ ಪಟ್ಟಿಯ ಬಹುಪಾಲು ಖರಾಬು, ಅಂದರೆ ಬೇಸಾಯಕ್ಕೆ ಬಾರದ ಸರ್ಕಾರಿ ನೆಲ. ಅಜ್ಜಿಯ ಲೆಕ್ಕ ಬೇರೆ. “ಅಂಚು ಹೊಳೇದು ಕಣೋ, ನಮ್ದಲ್ಲ” ಎನ್ನುತ್ತಿದ್ದಳು. ಕಂದಾಯದವರೂ ಅಜ್ಜಿಯೂ ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳುತ್ತಿದ್ದರೆಂದು ಈಗ ತೋರುತ್ತದೆ. ಆದರೆ “ಖರಾಬು” ಎಂಬ ಪದ ಕಿವಿಗೆ ಬಿದ್ದವನಿಗೆ ಅದು ಕೆಟ್ಟ ನೆಲ, ಕೆಲಸಕ್ಕೆ ಬಾರದ ನೆಲ ಎಂದೇ ಅನ್ನಿಸುವುದು ಸಹಜ.

ಬೇಸಗೆಯಲ್ಲಿ ಅಜ್ಜಿ ನನ್ನನ್ನು ಕರೆದುಕೊಂಡು ಒರತೆಗೆ ಹೋಗುತ್ತಿದ್ದಳು. ಹೊಳೆ ಬತ್ತಿ ನಡುವೆ ಒಂದು ಎಳೆಯಾಗಿ ಹರಿಯುವ ಕಾಲ. ದಂಡೆಯ ಬಳಿ ಮರದ ನೆರಳಲ್ಲಿ ಮರಳನ್ನು ಕೈಯಿಂದ ಮೊಳದಾಳ ತೋಡಿ ಕುಳಿತರೆ ಮೊದಲು ಕದಡಿದ ನೀರು ಬರುತ್ತದೆ. ಅದನ್ನು ಚಿಪ್ಪಿನಿಂದ ಎತ್ತಿ ಹೊರಗೆ ಚೆಲ್ಲಬೇಕು. ಎರಡನೆಯ ಸಲವೂ ಚೆಲ್ಲಬೇಕು. ಮೂರನೆಯ ಸಲ ಬರುವ ನೀರಿನಲ್ಲಿ ತಳದ ಮರಳಿನ ಕಾಳು ಎಣಿಸಬಹುದು. ಅದನ್ನು ಬಿಂದಿಗೆಗೆ ತುಂಬಿಸಿ, ಬಾಯಿಗೆ ಸೆರಗಿನ ಶೋಧಕ ಕಟ್ಟಿ, ತಲೆಯ ಮೇಲಿಟ್ಟುಕೊಂಡು ಬರುತ್ತಿದ್ದಳು. ಮನೆಯ ಮುಂದೆ ನಲ್ಲಿ ಬಂದ ಮೇಲೂ ಕುಡಿಯುವುದಕ್ಕೆ ಅವಳಿಗೆ ಒರತೆಯ ನೀರೇ ಆಗಬೇಕಾಗಿತ್ತು. ನಲ್ಲಿಯ ನೀರಿಗೆ ಬೇಳೆ ಬೇಯುವುದಿಲ್ಲ ಎಂಬುದು ಅವಳ ದೂರು. ಅದು ಕೊಳವೆಬಾವಿಯ ಗಡುಸು ನೀರಾದ್ದರಿಂದ ದೂರು ನಿಜವೇ ಆಗಿತ್ತು.

2018ರ ಬೇಸಗೆಯಲ್ಲಿ, ನಾನು ಏಳನೆಯ ತರಗತಿ ಮುಗಿಸಿದ ರಜೆಯಲ್ಲಿ, ಅಪ್ಪ ಆ ಪಟ್ಟಿಯನ್ನು ಕಡಿಸಿದ. ನಮ್ಮ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಯೆಂದರೆ ಬ್ಯಾರನ್ ಇರುವ ಮನೆ. ಹಸಿ ಎಲೆಯನ್ನು ಕಡ್ಡಿಗೆ ಪೋಣಿಸಿ ಅದರೊಳಗೆ ತೂಗುಹಾಕಿ ಐದಾರು ದಿನ, ಹಗಲಿರುಳು, ಬೆಂಕಿ ಆರದಂತೆ ಕಾಯಬೇಕು. ಬೆಂಕಿ ಕುಗ್ಗಿದರೆ ಸೊಪ್ಪು ಕಪ್ಪಾಗುತ್ತದೆ, ಹರಾಜಿನಲ್ಲಿ ಕೇಳುವವರಿಲ್ಲ. ಸೌದೆ ಎಲ್ಲಿಂದ ತರುವುದು? ಕಾಡಿನಿಂದ ತರುವಂತಿಲ್ಲ, ಕೊಂಡರೆ ಸೊಪ್ಪಿನ ಲಾಭವೆಲ್ಲ ಸೌದೆಗೇ ಹೋಗುತ್ತದೆ. ಹೊಳೆಮತ್ತಿ, ಹೊಂಗೆ ಎಲ್ಲವೂ ಆ ವರ್ಷ ನಮ್ಮ ಬ್ಯಾರನ್ನಿನ ಬಾಯಿಗೆ ಬಿದ್ದವು. ಅಜ್ಜಿ ಅತ್ತಿಮರವನ್ನು ಮುಟ್ಟಗೊಡಲಿಲ್ಲ. ದೇವರ ಮರವೆಂದು ಅದು ಉಳಿಯಿತು. ರಾತ್ರಿ ಅಪ್ಪನ ಜೊತೆ ನಾನೂ ಬೆಂಕಿ ಕಾಯುತ್ತ ಕೂರುತ್ತಿದ್ದೆ. ಹಸಿ ಹೊಂಗೆ ಉರಿಯುವಾಗ ತುದಿಯಲ್ಲಿ ನೊರೆ ಬರುತ್ತದೆ. ಅದನ್ನು ನೋಡುವುದು ನನಗೆ ಆಟವಾಗಿತ್ತು.

ಆಮೇಲೆ 2021ರಲ್ಲಿ ಶುಂಠಿಯವರು ಬಂದರು. ಅವರು ನೆಲವನ್ನು ಗುತ್ತಿಗೆಗೆ ಹಿಡಿದು, ಎತ್ತರದ ಮಡಿ ಕಟ್ಟಿ, ಮಡಿಯ ನಡುವೆ ಕಾಲುವೆ ತೆಗೆದು ಬೆಳೆಯುತ್ತಾರೆ. ಶುಂಠಿಯ ಬುಡದಲ್ಲಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಆದುದರಿಂದ ಮಳೆಯ ನೀರು ಬಿದ್ದ ಗಳಿಗೆಯಲ್ಲಿಯೇ ಹೊಲದಿಂದ ಹೊರಕ್ಕೆ ಓಡಬೇಕು. ಎಲ್ಲ ಕಾಲುವೆಗಳೂ ಇಳಿಜಾರಿಗೆ, ಅಂದರೆ ಹೊಳೆಗೆ. ಮೋಟಾರಿಗೆ ದಾರಿಯಾಗುತ್ತದೆ, ದಂಡೆಯ ಪಟ್ಟಿಯೂ ಸೇರಿದ್ದರೆ ಮಾತ್ರ ಹಿಡಿಯುತ್ತೇವೆ ಎಂದರಂತೆ. ಅಪ್ಪ ಸೇರಿಸಿಯೇ ಕೊಟ್ಟ. ಮುಂಗಡ ಬಂದ ದಿನ ಅವನು ಹಣವನ್ನು ಎರಡು ಗಂಟು ಮಾಡಿದ. ಎಕರೆ ಮೂವತ್ತು ಗುಂಟೆಯದು ಸಾಲಕ್ಕೆ. ಹನ್ನೆರಡು ಗುಂಟೆಯ ಪಾಲು ನನ್ನ ಪಿ.ಯು.ಸಿ.ಗೆ ಮತ್ತು ಹಾಸ್ಟೆಲ್ಲಿಗೆ. “ಇದು ಇಲ್ದೇ ಇದ್ದ ನೆಲದ ದುಡ್ಡು, ನಿನ್ ಓದಿಗೆ ಇರ್ಲಿ” ಎಂದ. ಆರಂಭದಲ್ಲಿ ಹೇಳಿದ ಲೆಕ್ಕ ಇದೇ.

ನಡುವೆ 2019ರ ಆಗಸ್ಟಿನ ನೆರೆ ಬಂದು ಹೋಗಿತ್ತು. ಹೊಳೆ ದಂಡೆ ಮೀರಿ ಹರಿದು ಇಳಿದ ಮೇಲೆ ನೋಡಿದರೆ ನಮ್ಮ ಅಂಚು ಬ್ರೆಡ್ಡಿನ ತುಂಡನ್ನು ಮುರಿದಂತೆ ನೇರಕ್ಕೆ ಕುಸಿದಿತ್ತು. ಅತ್ತಿಮರ ಇದ್ದ ಕಡೆ ಮಾತ್ರ ನೆಲ ಮೂಗಿನಂತೆ ಮುಂದಕ್ಕೆ ಚಾಚಿಕೊಂಡು ಉಳಿದಿತ್ತು. ಮರುವರ್ಷ ಅಜ್ಜಿ ಒರತೆ ತೋಡಲು ಹೋದಳು. ಮರಳಿನ ಮೇಲೆ ಗೇಣುದ್ದ ಕೆಮ್ಮಣ್ಣಿನ ಕೆಸರು ಕುಳಿತಿತ್ತು. ಮೂರು ಸಲವಲ್ಲ, ಏಳು ಸಲ ಚೆಲ್ಲಿದರೂ ನೀರು ತಿಳಿಯಾಗಲಿಲ್ಲ. ಬರಿಯ ಬಿಂದಿಗೆ ಹಿಡಿದು ಮನೆಗೆ ಬಂದು, ಅದನ್ನು ಅಟ್ಟಕ್ಕೆ ಹಾಕಿಸಿದಳು. ಆಮೇಲೆ ನಲ್ಲಿಯ ನೀರನ್ನೇ ಕುಡಿದಳು, ಬೇಳೆಯ ದೂರನ್ನೂ ನಿಲ್ಲಿಸಿದಳು.

ಇವೆರಡಕ್ಕೂ ಸಂಬಂಧ ಉಂಟೆಂದು ನನಗೆ ಆಗ ಹೊಳೆಯಲಿಲ್ಲ. ಹೊಳೆದದ್ದು ಎರಡನೆಯ ಬಿ.ಎ.ಯಲ್ಲಿ, ಭೂಗೋಳ ವಿಭಾಗದವರು ನಮ್ಮನ್ನು ಇರ್ಪುವಿಗೆ ಪ್ರವಾಸ ಕರೆದುಕೊಂಡು ಹೋದಾಗ. ಉಳಿದವರು ಜಲಪಾತದ ಅಡಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಿರುವಾಗ ನಮ್ಮ ಅಧ್ಯಾಪಕರು ಪ್ಯಾಂಟು ಮಡಿಸಿಕೊಂಡು ತೊರೆಗೆ ಇಳಿದು ಒಂದು ಕಲ್ಲನ್ನು ಮಗುಚಿದರು. ಅದರ ಅಡಿಯಲ್ಲಿ ಮರಳಿನ ಕಾಳುಗಳನ್ನೇ ಅಂಟಿಸಿಕೊಂಡು ಕೊಳವೆಯಂಥ ಗೂಡು ಕಟ್ಟಿಕೊಂಡ ಸಣ್ಣ ಹುಳುಗಳಿದ್ದವು. “ಈ ಕುಲದ ಬಹಳ ಹುಳುಗಳಿಗೆ ತಣ್ಣಗಿನ, ಗಾಳಿ ಬೆರೆತ ನೀರೇ ಬೇಕು. ಇವು ಇದ್ದರೆ ಬಾಟಲಿ ಹಿಡಿದು ಪ್ರಯೋಗಶಾಲೆಗೆ ಹೋಗುವ ಮೊದಲೇ ನೀರಿನ ವಿಷಯ ಅರ್ಧ ತಿಳಿದಂತೆ” ಎಂದರು. ನಾನು ನೀರಿಗೆ ಕಾಲಿಟ್ಟೆ. ಜುಮ್ಮೆಂದಿತು. ಇದೇ ಹೊಳೆ ನಮ್ಮೂರಿನಲ್ಲಿ ಚೈತ್ರದ ಮಧ್ಯಾಹ್ನ ಸ್ನಾನದ ನೀರಿನಷ್ಟು ಬೆಚ್ಚಗಿರುತ್ತದೆ ಎಂದೆ. “ದಂಡೆಯ ಮೇಲೆ ಮರ ಇವೆಯೇ?” ಎಂದು ಅವರು ಕೇಳಿದರು. ನಾನು ಉತ್ತರ ಹೇಳಲಿಲ್ಲ. ಊರಿಗೆ ಹೋದಾಗ ಹೊಳೆಗಿಳಿದು ಕಲ್ಲು ಮಗುಚಿದೆ. ಗೂಡು ಕಟ್ಟುವ ಹುಳು ಒಂದೂ ಇಲ್ಲ. ಕೆಸರಿನಲ್ಲಿ ನುಲಿಯುವ ಕೆಂಪು ದಾರದಂಥವು ಇದ್ದವು. ಅವು ಉಸಿರು ಕಟ್ಟಿದ ನೀರಿನಲ್ಲೂ ಬಾಳಬಲ್ಲ ಜಾತಿಯಂತೆ.

ಅಲ್ಲಿಂದಾಚೆ ಗ್ರಂಥಾಲಯದಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ್ದರಲ್ಲಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ವಿಜ್ಞಾನ ವಿಭಾಗದ ಮಿತ್ರರು ನಗಬಾರದು. ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿ ನಿಲ್ಲುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಉಷ್ಣಮಾನದಲ್ಲಿ ಒಂದು ಲೀಟರು ನೀರು ಸುಮಾರು 9 ಮಿಲಿಗ್ರಾಂ ಹಿಡಿದುಕೊಂಡರೆ 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ನೆರಳು ಹೋದರೆ ಮೀನಿನ ಉಸಿರಿನಲ್ಲಿ ಅಷ್ಟು ಹೋಯಿತು. ಬೇರು ದಂಡೆಯನ್ನು ಹಿಡಿಯುತ್ತದೆ ಎಂಬುದನ್ನು ನಮ್ಮ ಅತ್ತಿಮರವೇ ನನಗೆ ತೋರಿಸಿತ್ತು. ಇನ್ನು ಅಡಿಯ ಹುಲ್ಲು, ಪೊದೆ, ಉದುರಿದ ಎಲೆ. ಇವು ಹೊಲದಿಂದ ಓಡಿಬರುವ ಮಳೆನೀರಿನ ಕಾಲಿಗೆ ತೊಡರುತ್ತವೆ. ಓಡುವ ನೀರು ಮಣ್ಣನ್ನು ಹೊರಬಲ್ಲದು, ನಡೆಯುವ ನೀರು ಹೊರಲಾರದು, ಇಳಿಸಿಬಿಡುತ್ತದೆ. ಗೊಬ್ಬರದ ರಂಜಕ ಹೆಚ್ಚಾಗಿ ಮಣ್ಣಿನ ಕಣಕ್ಕೆ ಅಂಟಿಕೊಂಡೇ ಪ್ರಯಾಣ ಮಾಡುವುದರಿಂದ ಮಣ್ಣು ಇಳಿದಲ್ಲಿ ಅದೂ ಇಳಿಯಿತು.

ನನಗೆ ಅತ್ಯಂತ ಸೋಜಿಗವೆನಿಸಿದ್ದು ಸಾರಜನಕದ ಕಥೆ. 45 ಕಿಲೋ ತೂಗುವ ಒಂದು ಚೀಲ ಯೂರಿಯಾದಲ್ಲಿ ಸುಮಾರು 20 ಕಿಲೋ ಸಾರಜನಕ ಇರುತ್ತದೆ. ಬೆಳೆ ತಿಂದು ಮಿಕ್ಕದ್ದು ನೈಟ್ರೇಟಾಗಿ ನೀರಿನಲ್ಲಿ ಪೂರ್ತಿ ಕರಗಿ, ಮೇಲೆ ಹರಿಯದೆ ನೆಲದೊಳಗೇ ಇಳಿದು ಹೊಳೆಯ ಕಡೆಗೆ ಜಿನುಗುತ್ತದೆ. ಅದನ್ನು ಯಾವ ಹುಲ್ಲೂ ತಡೆಯಲಾರದೆಂದು ನಾನು ತಿಳಿದಿದ್ದೆ. ಆದರೆ ದಂಡೆಯ ತೇವದ ನೆಲದಲ್ಲಿ, ಗಾಳಿಯಾಡದ ಆಳದಲ್ಲಿ, ಕೊಳೆತ ಎಲೆ ಬೇರುಗಳನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳಿವೆ. ಉಸಿರಾಡಲು ಗಾಳಿ ಸಿಗದೆ ಅವು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಕಿತ್ತು ಬಳಸಿಕೊಳ್ಳುತ್ತವೆ. ಸಾರಜನಕ ಅನಿಲವಾಗಿ ಬಂದಲ್ಲಿಗೇ, ಆಕಾಶಕ್ಕೆ, ಹಿಂದಿರುಗುತ್ತದೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಒಂದು ಮೆಕ್ಕೆಜೋಳದ ಹೊಲ ಮತ್ತು ಅದರ ಕೆಳಗಿನ ತೊರೆಯಂಚಿನ ಕಾಡನ್ನು ಹಿಡಿದು ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ 1984ರಲ್ಲಿ ಪ್ರಕಟಿಸಿದರು. ಹೊಲದಿಂದ ಹೊರಟ ನೈಟ್ರೇಟು ಸುಮಾರು 50 ಮೀಟರು ಕಾಡನ್ನು ಹಾಯುವಷ್ಟರಲ್ಲಿ ಬಹುಮಟ್ಟಿಗೆ ಇಲ್ಲವಾಗಿತ್ತು. ಓದಿ ಪುಸ್ತಕ ಮುಚ್ಚಿದೆ. ಖರಾಬು ಎಂದು ಬರೆದ ನೆಲ ಹಗಲಿರುಳು ಇಷ್ಟು ಕೆಲಸ ಮಾಡುತ್ತಿತ್ತೆ?

ಪುಸ್ತಕದ ಮಾತನ್ನು ಕಣ್ಣಿನಿಂದ ನೋಡಬೇಕೆನಿಸಿತು. ಕಳೆದ ವರ್ಷ ಮುಂಗಾರಿನ ಮೊದಲ ದೊಡ್ಡ ಮಳೆಗೆ ನಾನು ಊರಲ್ಲಿದ್ದೆ. ನಮ್ಮ ಹೊಲದ ಮೇಲ್ಗಡೆ ಮಾರಿಗುಡಿಯ ತೋಪು ಇನ್ನೂ ಇದೆ. ಅದರ ಹಿಂದಿನ ಹೊಲವೂ ಶುಂಠಿಯದೇ. ಗೋಣಿಚೀಲ ಕೊಪ್ಪೆ ಹಾಕಿಕೊಂಡು ಹೋಗಿ, ತೋಪನ್ನು ಹಾಯ್ದು ಹೊಳೆಗೆ ಬೀಳುವ ನೀರನ್ನು ಒಂದು ಬಾಟಲಿಗೂ, ನಮ್ಮ ಕಾಲುವೆಯಿಂದ ನೇರ ಬೀಳುವುದನ್ನು ಇನ್ನೊಂದಕ್ಕೂ ಹಿಡಿದೆ. ಹಾಸ್ಟೆಲ್ಲಿನ ಕಿಟಕಿಯಲ್ಲಿಟ್ಟೆ. ಮೂರು ದಿನಕ್ಕೆ ನಮ್ಮ ಹೊಲದ ಬಾಟಲಿಯ ತಳದಲ್ಲಿ ಎರಡು ಬೆರಳು ಮಣ್ಣು, ತೋಪಿನದರಲ್ಲಿ ಉಗುರಿನಷ್ಟು. ಕೋಣೆಯ ಗೆಳೆಯರು ಇದನ್ನು “ಶುಂಠಿ ಕಷಾಯ” ಎಂದು ಕರೆದರು. ರಸಾಯನಶಾಸ್ತ್ರದ ಅಧ್ಯಾಪಕರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ತಿಳಿಯಾದ ಬಾಟಲಿಯನ್ನು ಬೆಳಕಿಗೆ ಹಿಡಿದು, “ಇದನ್ನು ಕುಡಿಯುತ್ತೀಯಾ?” ಎಂದರು. ನಾನು ತಡವರಿಸಿದೆ. “ತಿಳಿ ಬೇರೆ, ಶುದ್ಧಿ ಬೇರೆಯಪ್ಪ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎಂದು ನಮ್ಮ ದೇಶದ ಮಾನಕ. ದಾಟಿದರೂ ನೀರು ಹೀಗೆಯೇ ಹೊಳೆಯುತ್ತದೆ. ಎರಡು ಬಾಟಲಿ ಹಿಡಿದು ತೀರ್ಪು ಕೊಡಬೇಡ, ವರ್ಷವಿಡೀ ಹಿಡಿ” ಎಂದು ಹೇಳಿ ಕಳುಹಿಸಿದರು. ಮುಖ ಸಣ್ಣಗಾಯಿತು, ಆದರೂ ಅವರ ಮಾತನ್ನು ಒಪ್ಪತಕ್ಕದ್ದೇ.

ಇನ್ನೂ ಒಂದನ್ನು ಒಪ್ಪಬೇಕು. ದಂಡೆಯ ಮರ ಎಲ್ಲಕ್ಕೂ ಮದ್ದಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಮಲಿನ ನದಿಪಾತ್ರಗಳ ಪಟ್ಟಿ ಮಾಡಿತು. ಕರ್ನಾಟಕದ ಪಾಲು 17, ಅದರಲ್ಲಿ ನಮ್ಮ ಲಕ್ಷ್ಮಣತೀರ್ಥವೂ ಒಂದು. ಆ ಪಟ್ಟಿಯಲ್ಲಿ ಅಳೆದದ್ದು ಕೊಳೆಯುವ ವಸ್ತು ನೀರಿನ ಆಮ್ಲಜನಕವನ್ನು ಎಷ್ಟು ನುಂಗುತ್ತದೆ ಎಂಬುದನ್ನು. ಅದಕ್ಕೆ ಮುಖ್ಯ ಕಾರಣ ಊರುಗಳ ಚರಂಡಿ. ಚರಂಡಿಯ ನೀರು ಬಚ್ಚಲಿಂದ ಹೊಳೆಗೆ ಮೋರಿಯಲ್ಲಿ ನೇರ ಬಂದು ಬೀಳುವಾಗ ಅಕ್ಕಪಕ್ಕ ಎಷ್ಟು ಹೊಂಗೆ ನಿಂತಿದ್ದರೇನು? ಅದು ಹುಲ್ಲನ್ನೂ ಮುಟ್ಟುವುದಿಲ್ಲ, ನೆಲವನ್ನೂ ಮುಟ್ಟುವುದಿಲ್ಲ. ಮೇಲ್ಗಡೆ ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರನ್ನು ತೊರೆಗೆ ಬಿಟ್ಟರೂ ಹಾಗೆಯೇ. ಅಂಥದ್ದನ್ನು ಹುಟ್ಟುವಲ್ಲೇ ಶುದ್ಧಿ ಮಾಡಬೇಕು. ಹೊಲದ ನೀರು ಮಾತ್ರ ಹೀಗೆ ಒಂದು ಬಾಯಿಂದ ಬೀಳುವುದಲ್ಲ. ದಂಡೆಯ ಉದ್ದಕ್ಕೂ ಜಿನುಗುವಂಥದು. ಅದಕ್ಕೆ ಕಾವಲೂ ದಂಡೆಯ ಉದ್ದಕ್ಕೇ ಬೇಕು, ಅಂದರೆ ನಮ್ಮಂಥ ಹನ್ನೆರಡು ಗುಂಟೆಗಳ ಸಾಲು. ಒಬ್ಬ ಬಿಟ್ಟು ಒಬ್ಬ ಕಡಿದರೆ, ನೀರು ಕಡಿದವನ ಸಂದಿಯನ್ನೇ ಹುಡುಕಿಕೊಳ್ಳುತ್ತದೆ.

ಅಪ್ಪನಿಗೆ ಇದನ್ನು ಹೇಳುವುದು ಹೇಗೆ? ಅವನಿಗೆ ಓದಲು ಬಾರದು. ಈ ಪತ್ರಿಕೆ ಮನೆಗೆ ಹೋದಾಗ ಇದನ್ನು ಓದಿ ಹೇಳಬೇಕಾದವನೂ ನಾನೇ. ಓದದೆ ಹಾರಿಸಿಬಿಡಬಹುದು, ಅವನಿಗೆ ತಿಳಿಯುವುದಿಲ್ಲ. ಆ ಅನುಕೂಲ ನನ್ನ ಕೈಯಲ್ಲಿದೆ ಎಂಬುದೇ ನನಗೆ ನಾಚಿಕೆ ತರುತ್ತದೆ. ಏಕೆಂದರೆ ಆ ಅಂಚಿನಿಂದಲೇ ನನಗೆ ಅಕ್ಷರ ಬಂದಿದೆ.

ಬರೆಯುವ ಮೊದಲೇ ಹೇಳಿಬಿಡೋಣವೆಂದು ಈ ಸಂಕ್ರಾಂತಿಯ ರಜೆಯಲ್ಲಿ ಬಾಯಿ ತೆರೆದೆ. ಶುಂಠಿಯ ಗುತ್ತಿಗೆ ಮುಗಿದು ಹೊಲ ಬರಿದಾಗಿ ಬಿದ್ದಿತ್ತು. ದಂಡೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ: ಹುಳು, ನೆರಳು, ಬಾಟಲಿ. ಅವನು ಬೀಡಿ ಮುಗಿಯುವವರೆಗೆ ಸುಮ್ಮನಿದ್ದ.

“ಅಲ್ಲ ಕಣ್ಲಾ ಮಗ, ನಾನೊಬ್ಬ ಬಿಟ್ರೆ ಹೊಳೆ ನೆಟ್ಗಾಗ್ಬುಡ್ತದಾ? ಆಚೆ ದಡದೋನು ಮೂಟೆಗಟ್ಲೆ ಸುರೀತವ್ನಲ್ಲ.”

“ಅವನು ಸುರಿಯೋದು ಅವನ ಕಡೆಯಿಂದ ಬರುತ್ತೆ ಅಪ್ಪ. ನಮ್ಮದು ನಮ್ಮ ಕಡೆಯಿಂದ. ಮತ್ತೆ ನೆರೆ ಬಂದ್ರೆ ಇನ್ನೂ ಎರಡು ಮಾರು ಹೋಗುತ್ತೆ.”

ಕುಸಿದ ಅಂಚನ್ನು ಅವನು ನೋಡಿದ. ಈ ಮಾತು ತಾಗಿತೆಂದು ಕಂಡಿತು. ಹೊಳೆಯ ಹುಳುವಿಗಿಂತ ಹೋಗುವ ನೆಲ ರೈತನಿಗೆ ಹತ್ತಿರ. “ಎಷ್ಟು ಬುಡಬೇಕು ಅಂತೀಯ?” ಎಂದ. ಮೊದಲಿನಂತೆ ಐದು ಮಾರು ಎಂದೆ. ಎರಡು ಎಂದ. ಅತ್ತಿಮರದ ಸಾಲಿಗೆ ಕಣ್ಣಳತೆ ಇಟ್ಟು ಇಬ್ಬರೂ ಕೈ ಚಾಚಿ ಅಳೆದೆವು. ಅವನ ಮಾರು ನನ್ನದಕ್ಕಿಂತ ದೊಡ್ಡದು. ಅವನೇ ಅಳೆಯಲೆಂದು ಬಿಟ್ಟೆ. ಮೂರಕ್ಕೆ ನಿಂತ. ಗೂಟ ಹೊಡೆದೆವು. ಮರುದಿನ ನಾನು ತೋಪಿನ ಕಡೆಯಿಂದ ಲಕ್ಕಿಯ ಕಡ್ಡಿ ಕಡಿದು ತಂದು ನೀರಿನಂಚಿಗೆ ಸಾಲಾಗಿ ಊರಿ, ನಡುವೆ ನಾಲ್ಕು ಹೊಂಗೆಯ ಸಸಿ ಇಟ್ಟು ಬಸ್ಸು ಹತ್ತಿದೆ.

ಮೊನ್ನೆ ಫೋನು ಮಾಡಿದ್ದ. ನನ್ನ ಮೂರು ಮಾರಿನಲ್ಲಿ ಒಂದೂವರೆಗೆ ಹಸುವಿಗೆಂದು ಸೀಮೆಹುಲ್ಲು ನಾಟಿ ಹಾಕಿದ್ದಾನೆ. ಸುಮ್ಮನೆ ಬಿಟ್ಟ ನೆಲ ನೋಡಿದರೆ ಅವನಿಗೆ ಕೈ ತಡೆಯುವುದಿಲ್ಲ. ಹುಲ್ಲು ತಾನೆ, ಮಣ್ಣನ್ನಾದರೂ ಹಿಡಿಯುತ್ತದೆ ಎಂದುಕೊಂಡು ಸುಮ್ಮನಾದೆ. ಗೊಬ್ಬರ ಹಾಕಬೇಡ ಎಂದು ಮಾತ್ರ ಹೇಳಿದೆ, ಹೂಂ ಎಂದ. ಲಕ್ಕಿಯ ಕಡ್ಡಿ ಏನಾದವು, ಆಡು ಮೇಯ್ದವೇ ಎಂದು ಕೇಳಿದೆ.

“ಅದನ್ನ ಯಾವ್ ಆಡು ಮುಟ್ಟದು? ಚಿಗ್ರವೆ. ಹೊಂಗೆ ಎಲ್ಡು ಒಣಗೋದ್ವು, ಎಲ್ಡು ಅವೆ. ಪರೀಕ್ಷೆ ಯಾವಾಗ ಮುಗೀತದೆ?”

ಏಪ್ರಿಲ್ ಕೊನೆಗೆ ಎಂದೆ.

“ಬಾ ಹಂಗಾರೆ. ಅಜ್ಜಿ ಅಟ್ಟದ್ ಮ್ಯಾಲಿನ ಬಿಂದಿಗೆ ಎಲ್ಲದೆ ಅಂತ ಕೇಳ್ತಾ ಅವ್ಳೆ.”